ಬಿಲ್ಲೆಯಿಲ್ಲದ ನೀರು

ಪ್ರೀತಿಯ ಪದ್ರೀನೋ,

ಗುರುವಾರ ಸಂಜೆ ಆರು ಗಂಟೆಗೆ ನೀವು ಶಾಲೆಯ ಸಭಾಂಗಣದಲ್ಲಿ ಎದ್ದು ನಿಂತು ಮಾತಾಡುವವರಿದ್ದೀರಿ. ಅದಕ್ಕೆ ಮೊದಲು ಈ ಪತ್ರ ನಿಮ್ಮ ಕೈ ಸೇರಲೇಬೇಕು. ಅಂಚೆಗೆ ಹಾಕಿದರೆ ನಮ್ಮ ಡ್ರೈ ಫೋರ್ಕ್‌ನ ಕಾಗದ ಟೂಸಾನ್ ನಗರವನ್ನು ನೋಡಿಕೊಂಡು ಶನಿವಾರ ವಾಪಸ್ ಬರುತ್ತದೆ. ಆದ್ದರಿಂದ ಬುಧವಾರ ಬೆಳಗ್ಗೆ ನೀವು ಕೋಳಿಗಳಿಗೆ ಕಾಳು ಹಾಕಲು ಹಿತ್ತಲಿಗೆ ಹೋದಾಗ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ. ಇದು ಹೇಡಿಗಳು ಮಾಡುವ ಕೆಲಸ, ಗೊತ್ತು. ಎದುರಿಗೆ ನಿಂತು ಹೇಳಬೇಕೆಂದು ಮೂರು ಸಲ ಬಂದಿದ್ದೆ. ಮೂರು ಸಲವೂ ನೀವು ಬೀನ್ಸ್ ಬಡಿಸಿದಿರಿ, ಟೋರ್ಟಿಯಾ ಬಿಸಿ ಮಾಡಿ ಕೊಟ್ಟಿರಿ. ತಿಂದು ಕೈ ಒರೆಸಿಕೊಂಡು ಎದ್ದು ಬಂದೆ.

ಲಕೋಟೆಯ ತಳದಲ್ಲಿ ಬಟ್ಟೆಯಲ್ಲಿ ಸುತ್ತಿದ ಏನೋ ಇದೆ. ಓದಿ ಮುಗಿಯುವ ತನಕ ಬಿಚ್ಚಬೇಡಿ. ಬಿಚ್ಚಿದರೆ ನೀವು ಮುಂದೆ ಓದುವುದಿಲ್ಲ.

ಸಭೆಯಲ್ಲಿ ನೀವು ಏನು ಹೇಳಲಿದ್ದೀರಿ ಎಂಬುದು ಊರಿನ ನಾಯಿಗಳಿಗೂ ಗೊತ್ತು. ಬಿಳಿ ವ್ಯಾನಿನಲ್ಲಿ ಬಂದಿದ್ದ ಆ ಮಿನೆಸೋಟದ ಹುಡುಗ ಹುಡುಗಿ ನಿಮ್ಮ ನೀರು ಕದ್ದರು, ನಿಮ್ಮನ್ನು ಸಾವಿನ ಬಾಯಿಗೆ ನೂಕಿದರು ಎಂದು ಹೇಳುತ್ತೀರಿ. ಒಫೀಲಿಯಾಳ ದಿನಸಿ ಅಂಗಡಿಯ ಗೋಡೆಯ ಮೇಲೆ ಅವರ ಫೋಟೋ ಆಗಲೇ ಅಂಟಿಸಿಯಾಗಿದೆ, ಕೆಳಗೆ ಕೆಂಪಕ್ಷರದಲ್ಲಿ 'ನೀರುಗಳ್ಳರು' ಎಂದು ಬರೆದಿದ್ದಾರೆ. ನೀವು ಎಲ್ಲರ ಮುಂದೆ ಒಂದು ಮಾತು ಹೇಳಿದರೆ ಸಾಕು, ಶೆರಿಫ್ ಕಚೇರಿಯವರು ಅವರ ಮೇಲೆ ಕೇಸು ಹಾಕಲು ಕಾಯುತ್ತಿದ್ದಾರೆ. ಆ ಮಾತನ್ನೇ ಹಿಡಿದುಕೊಂಡು ಮೆಸ್ಕಲ್ ಬೇಸಿನ್ ಪಾರ್ಕಿನವರು ಒಳಗೆ ಬರುವ ಕಾರಿಗೆ ಮೂವತ್ತೈದು ಡಾಲರ್ ಇದ್ದದ್ದನ್ನು ಅರವತ್ತು ಮಾಡುತ್ತಾರೆ, ಪಡುವಣ ಕಣಿವೆಗೆ ಬೇಲಿ ಹಾಕುತ್ತಾರೆ. ಆ ಬೇಲಿಯ ಆಚೆಗೇ ನಿಮ್ಮ ತಾಯಿ ಮಲಗಿರುವುದು. "ನಾನೂ ಹೋಗಲ್ಲ, ಅವರೂ ಹೋಗೋದು ಬೇಡ, ಎಲ್ಲಾ ಮುಚ್ಚಿಬಿಡ್ಲಿ" ಎಂದು ಆಸ್ಪತ್ರೆಯಲ್ಲಿ ನೀವು ಅಂದದ್ದು ನನಗೆ ಇನ್ನೂ ಕೇಳಿಸುತ್ತಿದೆ.

ಅವರು ನಿಮ್ಮ ನೀರು ಕದ್ದಿಲ್ಲ, ಪದ್ರೀನೋ. ಅದು ಎಲ್ಲಿಗೆ ಹೋಯಿತು ಎಂಬುದು ನನಗೆ ಗೊತ್ತು. ಮೂರು ವಾರದಿಂದ ಗೊತ್ತು.

ನೇರವಾಗಿ ಹೇಳಿಬಿಡಬೇಕು, ಆದರೆ ನನ್ನ ಬುದ್ಧಿ ನಿಮಗೆ ಗೊತ್ತಲ್ಲ, ತಪ್ಪು ಮಾಡಿದಾಗಲೆಲ್ಲ ನಾನು ಊರು ಸುತ್ತಿಕೊಂಡೇ ಮನೆಗೆ ಬರುವವಳು. ನನಗೆ ನಾಮಕರಣದ ನೀರು ಹೊಯ್ಯುವಾಗ ಕೈಯಲ್ಲಿ ಎತ್ತಿ ಹಿಡಿದು ನನ್ನ ಪದ್ರೀನೋ, ಧರ್ಮದ ತಂದೆ ಆದವರು ನೀವು. ಅಪ್ಪ ಗಣಿಯಿಂದ ವಾಪಸ್ ಬಾರದ ಮೇಲೆ ಅಪ್ಪನ ಜಾಗದಲ್ಲಿ ನಿಂತವರೂ ನೀವೇ. ಏಳು ವರ್ಷದವಳಿದ್ದಾಗ ಮೊದಲ ಸಲ ನನ್ನನ್ನು ಮೆಸ್ಕಲ್ ಬೇಸಿನ್ನಿನ ಆ ಮರುಭೂಮಿಗೆ ಕರೆದುಕೊಂಡು ಹೋದಿರಿ. ಆಗ ಅಲ್ಲಿ ಗೇಟು ಇರಲಿಲ್ಲ. ಒಂದು ಕಂಬ, ಕಂಬಕ್ಕೆ ಮರದ ಪೆಟ್ಟಿಗೆ, ಪೆಟ್ಟಿಗೆಗೊಂದು ಸೀಳು. 'ಕಾರಿಗೆ ಎರಡು ಡಾಲರ್, ಇದ್ದರೆ ಹಾಕಿ' ಎಂದು ಬರೆದಿತ್ತು. ನೀವು ನಡೆದು ಹೋಗುವವರಾದ್ದರಿಂದ ಏನೂ ಹಾಕುತ್ತಿರಲಿಲ್ಲ, ಟೋಪಿ ಮಾತ್ರ ಎತ್ತುತ್ತಿದ್ದಿರಿ. ಪೆಟ್ಟಿಗೆಗೆ ನಮಸ್ಕಾರ ಮಾಡುವ ಮನುಷ್ಯ ಎಂದು ನಾನು ನಕ್ಕಿದ್ದೆ.

ಆ ದಿನವೇ ನೀರು ಹೂಳುವುದನ್ನು ಕಲಿಸಿದಿರಿ. ಮೇ ಕೊನೆಯಲ್ಲಿ ನಿಮ್ಮ ತಾಯಿ ತೀರಿಕೊಂಡ ದಿನಕ್ಕೆ ಸರಿಯಾಗಿ ನೀವು ಹುಟ್ಟಿದ ಎಸ್ಪೆರಾನ್ಸಾ ಗಣಿಯ ಪಾಳು ಕೇರಿಯನ್ನು ಮುಟ್ಟಬೇಕು, ಅದಕ್ಕೆ ಮೂರು ದಿನದ ನಡಿಗೆ. ಮೂರು ದಿನದ ನೀರನ್ನು ಯಾವ ಬೆನ್ನೂ ಹೊರಲಾರದು. ಆದ್ದರಿಂದ ಏಪ್ರಿಲ್‌ನಲ್ಲೇ ಹೋಗಿ ದಾರಿಯ ಮೂರು ಕಡೆ ನೀರು ಹೂತಿಟ್ಟು ಬರುತ್ತಿದ್ದಿರಿ. ಗಾಜಿನ ಹೂಜಿ, ಅದರ ಮೇಲೆ ಹಳೆಯ ಉಣ್ಣೆಯ ಕಾಲುಚೀಲ. ಉಳಿದವರೆಲ್ಲ ತಮ್ಮ ನೀರಿನ ಮೇಲೆ ಹೆಸರು, ತಾರೀಕು ಬರೆದಿಡುತ್ತಾರೆ. ನೀವು ಬರೆಯುತ್ತಿರಲಿಲ್ಲ. "ಬಾಯಾರಿದೋನು ಕುಡೀಲಿ. ಹೆಸರು ಓದ್ಕೊಂಡು ಸಾಯ್ಬೇಕಾ ಅವನು?" ಎಂದಿರಿ. ಹೆಸರಿನ ಬದಲು ಪ್ರತಿ ಹೂಜಿಯೊಳಕ್ಕೂ ಒಂದೊಂದು ಬೆಳ್ಳಿಯ ಪೇಸೊ ನಾಣ್ಯ ಬಿಡುತ್ತಿದ್ದಿರಿ. ಬೆಳ್ಳಿ ಇದ್ದರೆ ನೀರು ಕೆಡುವುದಿಲ್ಲ ಎಂದು ನಿಮ್ಮ ತಾಯಿ ಹೇಳಿಕೊಟ್ಟದ್ದು. ಮದುವೆಯ ದಿನ ನಿಮ್ಮಪ್ಪ ಆಕೆಯ ಬೊಗಸೆಗೆ ಸುರಿದ ಹದಿಮೂರು ನಾಣ್ಯಗಳಲ್ಲಿ ಹಸಿವಿಗೆ, ಕಾಯಿಲೆಗೆ ಹತ್ತು ಹೋಗಿ ಉಳಿದಿದ್ದ ಮೂರು ಅವು. ಮೂರನ್ನೂ ನನ್ನ ಕೈಯಿಂದಲೇ ಹಾಕಿಸಿದಿರಿ. ನೀರೊಳಗೆ ಅದು ತಳ ಮುಟ್ಟುವ ಸದ್ದು ನನಗೆ ಚೆನ್ನಾಗಿ ಗೊತ್ತು. ಗೊತ್ತಿರಬೇಕಿತ್ತು.

ಮುಂದೆ ನಾನು ಅದೇ ಪಾರ್ಕಿನ ಅಂಗಿ ತೊಟ್ಟೆ. ಹತ್ತೊಂಬತ್ತು ವರ್ಷ ಆಯಿತು. ಮೊದಲ ವರ್ಷ ಇಡೀ ಬೇಸಿನ್ನಿಗೆ ಎರಡು ಕಕ್ಕಸು, ವಾರಕ್ಕೊಂದು ಸಲ ತೊಳೆದರೆ ಹೆಚ್ಚು. ಈಗ ನಲವತ್ತಾರು, ದಿನಕ್ಕೆ ಮೂರು ಸಲ ತೊಳೆದರೂ ಸಾಲದು. ಕತ್ತೆಕಿವಿ ಬಂಡೆಗಳ ನಡುವೆ ಸೂರ್ಯ ಮುಳುಗುವ ಫೋಟೋ ಯಾರೋ ಪುಣ್ಯಾತ್ಮ ತೆಗೆದು ಲೋಕಕ್ಕೆಲ್ಲ ಹಂಚಿದ. ಅಷ್ಟೇ ನೋಡಿ, ಲೋಕವೇ ಬಂತು. ಬಂಡೆಯ ಮುಂದೆ ನಿಲ್ಲಲು ಎರಡು ಗಂಟೆಯ ಸರದಿ. "ಬಂಡೆಗೆ ಲೈಟ್ ಎಷ್ಟೊತ್ತಿಗೆ ಹಾಕ್ತೀರಿ?" ಎಂದು ಒಬ್ಬ ಹೆಂಗಸು ಕೇಳಿದಳು. ಸೂರ್ಯನನ್ನೇ ಕೇಳಬೇಕಮ್ಮ ಎಂದೆ, ನನ್ನ ಮೇಲೆ ದೂರು ಬರೆದುಕೊಟ್ಟು ಹೋದಳು. ಎರಡು ಡಾಲರ್ ಹತ್ತಾಯಿತು, ಇಪ್ಪತ್ತಾಯಿತು, ಮೂವತ್ತೈದಾಯಿತು. ಆಮೇಲೆ ಯಾವ ದಿನ, ಯಾವ ಗಂಟೆಗೆ ಬರುತ್ತೀರಿ ಎಂದು ಫೋನಿನಲ್ಲಿ ಮೊದಲೇ ಕಾದಿರಿಸಬೇಕು ಎಂದಾಯಿತು. ಇದನ್ನೆಲ್ಲ ನಾನೂ ಬೈದಿದ್ದೇನೆ. ಆದರೆ ತಿಂಗಳ ಕೊನೆಯಲ್ಲಿ ನನ್ನ ಸಂಬಳ ಬರುವುದೂ ಆ ದುಡ್ಡಿನಿಂದಲೇ. ಬೈಯುತ್ತಲೇ ತಿನ್ನುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಈ ವರ್ಷದ ಹೊಸ ನಿಯಮ ನೀರಿನದು. ಬರುವವರೆಲ್ಲ ಕುಡಿದು ಮಿಕ್ಕ ಕ್ಯಾನುಗಳನ್ನು ಪೊದೆ ಪೊದೆಗೂ ಬಿಟ್ಟು ಹೋಗುತ್ತಾರೆ, ನರಿಗಳು ಪ್ಲಾಸ್ಟಿಕ್ ತಿಂದು ಸಾಯುತ್ತವೆ. ಅದು ನಿಜ, ಸತ್ತದ್ದನ್ನು ಎತ್ತಿ ಹೂತವಳು ನಾನು. ಹಾಗಾಗಿ ನೀರು ಹೂಳುವವರು ಏಳು ಡಾಲರ್ ಕೊಟ್ಟು ಹಳದಿ ಬಿಲ್ಲೆ ತಗೊಂಡು ಕ್ಯಾನಿನ ಕುತ್ತಿಗೆಗೆ ಕಟ್ಟಬೇಕು, ಬಿಲ್ಲೆ ಇಲ್ಲದ್ದನ್ನೆಲ್ಲ ತೆಗೆಸಬೇಕು ಎಂದು ತೀರ್ಮಾನಿಸಿದರು. ಈಸ್ಟರ್ ಹಬ್ಬದ ಊಟಕ್ಕೆ ನಿಮ್ಮ ಮನೆಗೆ ಬಂದಾಗ ನಾನೇ ಮೂರು ಬಿಲ್ಲೆ ಕೊಂಡು ತಂದಿದ್ದೆ. ತಟ್ಟೆಯ ಪಕ್ಕ ಇಟ್ಟೆ. ನೀವು ಒಂದನ್ನು ಎತ್ತಿ, ಕನ್ನಡಕ ಏರಿಸಿಕೊಂಡು ನೋಡಿದಿರಿ.

"ಏನಿದು?"

"ನೀರಿಗೆ ಕಟ್ಟೋದು, ಪದ್ರೀನೋ. ಕಟ್ಟಿದ್ರೆ ಯಾರೂ ಮುಟ್ಟಲ್ಲ."

"ಇಷ್ಟು ವರ್ಷ ಯಾರು ಮುಟ್ಟಿದ್ರು?"

"ಈಗ ಕಾಲ ಬೇರೆ."

"ಹುಟ್ಟಿದ ಮನೆಗೆ ಟಿಕೆಟು. ಕುಡಿಯೋ ನೀರಿಗೆ ನಾಯಿ ತರ ಬಿಲ್ಲೆ. ನಾಳೆ ನಮ್ಮಮ್ಮನ ಗೋರಿಗೆ ಬಾಡಿಗೆ ಕೇಳ್ತೀರಾ?"

"ನಾನು ಕೇಳ್ತಿಲ್ಲವಲ್ಲ. ನನ್ನ ಮೇಲೆ ಯಾಕೆ ರೇಗ್ತೀರಿ?"

"ಆ ಅಂಗಿ ಹಾಕ್ಕೊಂಡು ನನ್ನ ಮೇಜಿಗೆ ಬಂದಿದೀಯಲ್ಲ, ಇನ್ಯಾರ ಮೇಲೆ ರೇಗ್ಲಿ?"

ಆಮೇಲೆ ನೀವು ಮೊಣಕಾಲು ಉಜ್ಜಿಕೊಳ್ಳುತ್ತ, "ಈ ವರ್ಷ ಹೋಗಲ್ಲ ಬಿಡು. ಈ ಕಾಲು ಏಳಲ್ಲ ಅಂತಿದೆ" ಎಂದಿರಿ. ನಾನು ನಂಬಿದೆ. ಬಿಲ್ಲೆಗಳನ್ನು ನನ್ನ ಕಾರಿನಲ್ಲಿ ಎಸೆದುಕೊಂಡು ಹೊರಟುಬಂದೆ. ಎಪ್ಪತ್ತೆಂಟು ವರ್ಷದವರು ನೀವು ಸುಳ್ಳು ಹೇಳುತ್ತೀರಿ ಎಂದು ನನಗೆ ಹೊಳೆಯಲೇ ಇಲ್ಲ. ನನಗೆ ಕೆಲಸ ಮುಖ್ಯವೋ ನೀವು ಮುಖ್ಯವೋ ಎಂಬ ಪೇಚಿಗೆ ನಾನು ಸಿಗಬಾರದೆಂದು ಆ ಸುಳ್ಳು ಹೇಳಿದಿರಿ ಎಂದು ಆಮೇಲೆ ಪಕ್ಕದ ಮನೆಯ ನಾಚೋ ಹೇಳಿದ. ನೀವು ಅಷ್ಟು ಹೊತ್ತಿಗಾಗಲೇ ನೀರು ಹೂತಿಟ್ಟು ಬಂದಿದ್ದಿರಿ.

ಇನ್ನೊಂದು ವಿಷಯ. ಕಳೆದ ಕ್ರಿಸ್ಮಸ್‌ಗೆ ನಾನು ನಿಮಗೆ ಏನು ಕೊಟ್ಟೆ ನೆನಪಿದೆಯೇ? ಗಾಜು ಭಾರ, ನಿಮ್ಮ ಭುಜ ನೋಯುತ್ತದೆ ಎಂದು ಕೆಳಗೆ ನಲ್ಲಿ ಇರುವ ಮೂರು ಪ್ಲಾಸ್ಟಿಕ್ ಕ್ಯಾನು ತಂದುಕೊಟ್ಟೆ. ಬಿಳಿ ಮೈ, ನೀಲಿ ಮುಚ್ಚಳ. ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ರಾಶಿ ಹಾಕಿರುತ್ತಾರಲ್ಲ, ಅದೇ. ಬಂದವರೆಲ್ಲ ಕೊಳ್ಳುವುದೂ ಅದನ್ನೇ. ಅದನ್ನು ನೀವು ಬಳಸುವುದಿಲ್ಲ, ಮೂಲೆಗೆ ಎಸೆಯುತ್ತೀರಿ ಎಂದುಕೊಂಡಿದ್ದೆ. ನೀವು ಬಳಸಿದಿರಿ. ಮಗಳು ಕೊಟ್ಟದ್ದು ಎಂದು ಬಳಸಿದಿರಿ.

ಮೇ ತಿಂಗಳ ಕೊನೆಯ ಶುಕ್ರವಾರ, ಮೂರು ದಿನ ರಜೆ ಬರುವ ಮೊದಲು, ಪಡುವಣ ಕಣಿವೆಯನ್ನು ಸ್ವಚ್ಛ ಮಾಡಲು ನನ್ನನ್ನು ಕಳಿಸಿದರು. ಬಿಲ್ಲೆ ಇಲ್ಲದ್ದನ್ನೆಲ್ಲ ತೆಗೆದುಬಿಡು ಎಂದು ಆಜ್ಞೆ. ಆ ದಿನ ನೂರ ಮೂವತ್ತೆರಡು ಕ್ಯಾನು ತೆಗೆದೆ. ನಲ್ಲಿ ತಿರುಗಿಸಿ ನೀರು ಹರಿಯಲು ಬಿಟ್ಟು ಮುಂದಿನದನ್ನು ಹುಡುಕುತ್ತಿದ್ದೆ, ವಾಪಸ್ ಬರುವಷ್ಟರಲ್ಲಿ ಖಾಲಿ. ನಿಮ್ಮ ಹಳೆಯ ಜಾಗಗಳಲ್ಲಿ ಈಗ ಜನ ಡೇರೆ ಹಾಕುತ್ತಾರೆ. ಅದಕ್ಕೇ ನೀವು ಜಾಗ ಬದಲಾಯಿಸಿ ಒಣ ಹಳ್ಳದ ದಂಡೆಯ ಜಾಲಿಯ ಬುಡದಲ್ಲಿ ಹೂತಿದ್ದಿರಿ. ಗಾಳಿಗೆ ಮರಳು ಸರಿದು ನೀಲಿ ಮುಚ್ಚಳ ಕಾಣುತ್ತಿತ್ತು. ಎಳೆದೆ. ನಲ್ಲಿ ತಿರುಗಿಸಿದೆ. ಖಾಲಿಯಾದ ಮೇಲೆ ಟ್ರಕ್ಕಿನ ಹಿಂದಕ್ಕೆ ಎಸೆದೆ, ಒಳಗೆ ಏನೋ ಟಣ್ ಎಂದಿತು. ಪದ್ರೀನೋ, ನನಗೆ ಅದು ಕೇಳಿಸಿತು. ಯಾವುದೋ ಮಗು ಕಲ್ಲು ಹಾಕಿರಬೇಕು ಎಂದುಕೊಂಡೆ. ಬೆವರು ಕಣ್ಣಿಗಿಳಿಯುತ್ತಿತ್ತು, ಇನ್ನೂ ಅರ್ಧ ಕಣಿವೆ ಬಾಕಿ ಇತ್ತು. ಕ್ಯಾನು ಎತ್ತಿ ಅಲುಗಾಡಿಸಿ ನೋಡಲು ಎರಡು ಕ್ಷಣ ಸಾಕಿತ್ತು.

ಈಗ ನಿಮಗೆ ಗೊತ್ತಾಯಿತು. ನಿಮ್ಮ ನೀರನ್ನು ಮಣ್ಣಿಗೆ ಚೆಲ್ಲಿದವಳು ನಾನು. ಎರಡನೆಯದನ್ನೂ, ಮೂರನೆಯದನ್ನೂ. ಮೊದಲನೆಯದು ಪಾರ್ಕಿನ ಗಡಿಯ ಆಚೆ ಇತ್ತು, ಇಲ್ಲದಿದ್ದರೆ ಅದನ್ನೂ ಚೆಲ್ಲುತ್ತಿದ್ದೆ.

ದಯವಿಟ್ಟು ಓದುವುದನ್ನು ನಿಲ್ಲಿಸಬೇಡಿ.

ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಡಿಪೋದ ಅಂಗಳದಲ್ಲಿ ಆ ಕ್ಯಾನುಗಳನ್ನು ಜಜ್ಜುವ ಯಂತ್ರಕ್ಕೆ ಹಾಕುತ್ತಿದ್ದೆ. ಅಲ್ಲಿ ಗಾಳಿಯಿರಲಿಲ್ಲ, ಟ್ರಕ್ಕಿನ ಸದ್ದಿರಲಿಲ್ಲ. ಒಂದು ಕ್ಯಾನು ಎತ್ತಿದಾಗ ಮತ್ತೆ ಟಣ್ ಎಂದಿತು. ಈ ಸಲ ನನ್ನ ಕೈ ನಿಂತಿತು. ಚಾಕುವಿನಿಂದ ಕೊಯ್ದೆ. ಹದ್ದಿನ ಮುಖ ಸವೆದ ಪೇಸೊ ಸಿಮೆಂಟಿನ ಮೇಲೆ ಉರುಳಿತು. ಉಳಿದ ರಾಶಿಯನ್ನೆಲ್ಲ ಒಂದೊಂದಾಗಿ ಅಲುಗಾಡಿಸಿದೆ. ಇನ್ನೊಂದು ಸಿಕ್ಕಿತು.

ನಿಮ್ಮ ಮನೆಗೆ ಫೋನು ಮಾಡಿದೆ, ಹೊಡೆದುಕೊಂಡೇ ಇತ್ತು. ನಾಚೋಗೆ ಮಾಡಿದೆ. "ನಿನ್ನೆ ಬೆಳಗ್ಗೇನೇ ಹೋದ್ರಲ್ಲ. ಕೋಳಿ ನೋಡ್ಕೋ, ಡೆಲ್ಫಿನಾಗೆ ಹೇಳ್ಬೇಡ ಅಂದ್ರು. ಯಾಕೆ, ಏನಾಯ್ತು?" ಎಂದ. ಫೋನು ಇಟ್ಟುಬಿಟ್ಟೆ. ಲೆಕ್ಕ ಹಾಕಲು ಕಷ್ಟವೇನಿರಲಿಲ್ಲ. ಶನಿವಾರ ರಾತ್ರಿ ಮೊದಲನೆಯ ನೀರಿನ ಹತ್ತಿರ ಮಲಗಿದ್ದೀರಿ. ಬೆಳಗ್ಗೆ ಒಂದು ಬಾಟಲಿ ತುಂಬಿಕೊಂಡು ಹೊರಟಿದ್ದೀರಿ. ಹನ್ನೊಂದಕ್ಕೆ ಎರಡನೆಯ ನೀರಿಗೆ ಮುಟ್ಟುತ್ತೀರಿ, ಅಲ್ಲಿ ಗುಂಡಿ ಮಾತ್ರ ಇರುತ್ತದೆ. ಹಿಂದಕ್ಕೆ ಹನ್ನೊಂದು ಮೈಲಿ, ಮುಂದಕ್ಕೆ ಒಂಬತ್ತು. ಆ ದಿನ ನೂರ ಎಂಟು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು.

ಕಚೇರಿಗೆ ಓಡಿದೆ. ನಮ್ಮ ಮೇಲಧಿಕಾರಿ ಮಿಸೆಸ್ ಸ್ಟ್ರೌಟ್ ಪರದೆ ನೋಡುತ್ತಿದ್ದರು. ಹೊರಗೆ ಗೇಟಿನಿಂದ ಹೆದ್ದಾರಿಯವರೆಗೆ ಕಾರುಗಳ ಸಾಲು.

"ಎಲೀಸಿಯೋ ಅರ್ವಿಸು ಅಂತ ಯಾರೂ ಒಳಗಿಲ್ಲ, ಡೆಲ್ಫಿನಾ. ನೋಡು, ಹೆಸರೇ ಇಲ್ಲ."

"ಅವರು ಗೇಟಿಂದ ಬರಲ್ಲ ಮೇಡಂ. ನಡ್ಕೊಂಡು ಬರ್ತಾರೆ, ಹಳೇ ರೈಲು ದಾರೀಲಿ."

"ಗೇಟಿಂದ ಬರದೋರು ಒಳಗಿಲ್ಲ ಅಂತಲೇ ನಮ್ಮ ಲೆಕ್ಕ."

"ಲೆಕ್ಕ ಹಾಗಿರ್ಲಿ, ಮನುಷ್ಯ ಒಳಗಿದ್ದಾರೆ. ಹೆಲಿಕಾಪ್ಟರ್ ಕರೀರಿ."

ಅವರು ಕೆಟ್ಟವರಲ್ಲ, ಕರೆದರು. ಹೆಲಿಕಾಪ್ಟರ್ ಕತ್ತೆಕಿವಿಯ ಹತ್ತಿರ ಬಿಸಿಲಿಗೆ ಬಿದ್ದ ಇನ್ಯಾರನ್ನೋ ಎತ್ತುತ್ತಿತ್ತು, ಎರಡು ಗಂಟೆ ಆಗುತ್ತದೆ ಎಂದರು. ನನಗೆ ಯಾಕೆ ನಿಮ್ಮ ಬಗ್ಗೆ ಅನುಮಾನ ಬಂತೆಂದು ಅವರು ಕೇಳಿದಾಗ ಮಾತ್ರ ನಾನು, "ನೆರೆಯವರು ಫೋನ್ ಮಾಡಿದ್ರು" ಎಂದೆ. ಮೊದಲ ಸುಳ್ಳು ಅದು. ಅಷ್ಟು ಸುಲಭವಾಗಿ ಬಂತು.

ಎರಡು ಕ್ಯಾನು ನೀರು ಹಾಕಿಕೊಂಡು ಟ್ರಕ್ ಓಡಿಸಿದೆ. ಆರು ಮೈಲಿ ದಾರಿಯಲ್ಲಿ ನಾಲ್ಕನೆಯ ಮೈಲಿಗೇ ಸಿಕ್ಕಿಹಾಕಿಕೊಂಡೆ. ರಸ್ತೆಯ ಎರಡೂ ಬದಿ ಕಾರು, ನಡುವೆ ಕಾರು, ಬಂಡೆಯ ಸರದಿ ರಸ್ತೆಗೇ ಬಂದು ನಿಂತಿತ್ತು. ಹಾರ್ನ್ ಹೊಡೆದೆ, ಕೂಗಿದೆ. ಒಬ್ಬ ನನ್ನ ಕಿಟಕಿ ತಟ್ಟಿ, ಮೂವತ್ತೈದು ಡಾಲರ್ ಕೊಟ್ಟು ಬಂದಿದ್ದೇನೆ, ನೆರಳು ಎಲ್ಲಿ ಎಂದು ಕೇಳಿದ. ಆ ಗಳಿಗೆಯಲ್ಲಿ ಆ ಜನರನ್ನೆಲ್ಲ ನಾನು ದ್ವೇಷಿಸಿದೆ, ಪದ್ರೀನೋ. ಒಬ್ಬೊಬ್ಬರನ್ನೂ. ನೀರು ಚೆಲ್ಲಿದ್ದು ನಾನಾದರೂ ಇವರು ಬಂದದ್ದರಿಂದ ತಾನೇ ಎಂದು ಮನಸ್ಸು ಆಗಲೇ ವಕೀಲಿಕೆ ಶುರು ಮಾಡಿತ್ತು. ಟ್ರಕ್ಕನ್ನು ಅಲ್ಲೇ ಬಿಟ್ಟೆ. ಕೈಗೊಂದು ಕ್ಯಾನು ಹಿಡಿದು ಬಂಡೆಗಳ ಕಣಿವೆ ಬಾಯಿಂದ ಪಶ್ಚಿಮಕ್ಕೆ ನಡೆದೆ. ನಡೆದೆ ಎಂದರೆ ಸುಳ್ಳು, ಓಡಿದೆ, ಬಿದ್ದೆ, ಎದ್ದೆ. ನೀವು ಕಲಿಸಿದ್ದು ಒಂದೂ ಮಾಡಲಿಲ್ಲ. ಬಿಸಿಲಲ್ಲಿ ಓಡಬೇಡ, ಬಾಯಿ ಮುಚ್ಚಿಕೊಂಡು ಉಸಿರಾಡು, ನೆರಳಿಂದ ನೆರಳಿಗೆ ಎಣಿಸಿಕೊಂಡು ಹೋಗು. ನಾನು ಎಣಿಸುತ್ತಿದ್ದುದು ಗಂಟೆಯನ್ನು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಹಳ್ಳದ ದಂಡೆ ಕಂಡಾಗ ಹನ್ನೆರಡೂಕಾಲು.

ನೀವು ಜಾಲಿಯ ಬುಡದಲ್ಲಿ ಒರಗಿದ್ದಿರಿ. ನಿಮ್ಮ ಸುತ್ತ ಐದು ಗುಂಡಿ. ಜಾಗ ಮರೆತೆನೇನೋ ಎಂದುಕೊಂಡು ಬರಿಗೈಯಲ್ಲಿ ಒಂದಾದ ಮೇಲೊಂದು ತೋಡಿದ್ದಿರಿ, ಉಗುರುಗಳಲ್ಲಿ ರಕ್ತ ಕಪ್ಪಾಗಿತ್ತು. ಆ ಐದು ಗುಂಡಿಗಳನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ನಿಮ್ಮ ಪಕ್ಕದಲ್ಲಿ ಒಬ್ಬ ಹುಡುಗಿ ಮಂಡಿಯೂರಿ ಕೂತಿದ್ದಳು. ಆ ಬಿಳಿ ವ್ಯಾನಿನವಳೇ, ಮಾರಿತ್ ಅಂತ ಅವಳ ಹೆಸರು. ತನ್ನ ಅಂಗಿ ನೆನೆಸಿ ನಿಮ್ಮ ಕುತ್ತಿಗೆಗೆ ಸುತ್ತಿದ್ದಳು, ಬಾಟಲಿಯ ಮುಚ್ಚಳದಲ್ಲಿ ಒಂದೊಂದು ಗುಟುಕು ನೀರು ನಿಮ್ಮ ತುಟಿಗೆ ಹಿಡಿಯುತ್ತಿದ್ದಳು. ಅವಳ ಜೊತೆಯ ಹುಡುಗ ತನ್ನ ಹಾಸುವ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಮಗೆ ನೆರಳು ಮಾಡಿಕೊಂಡು ನಿಂತಿದ್ದ. ತಾನು ಬಿಸಿಲಲ್ಲೇ ನಿಂತಿದ್ದರೂ ಇಳಿಸಿರಲಿಲ್ಲ. ಬಂಡೆಯ ಸರದಿ ನೋಡಿ ಬೇಸತ್ತು ದಾರಿ ಬಿಟ್ಟು ಅಲೆಯುತ್ತಾ ಬಂದವರಂತೆ. "ಇವರು ಒಂದೇ ಸಮ ಏನೋ ಹೇಳ್ತಿದಾರೆ, ನಮಗೆ ಭಾಷೆ ಗೊತ್ತಾಗ್ತಿಲ್ಲ" ಎಂದಳು. ನೀವು ಸ್ಪ್ಯಾನಿಷ್‌ನಲ್ಲಿ ಹೇಳುತ್ತಿದ್ದಿರಿ. "ನೀರು ಕದ್ದಿದಾರೆ. ಅಮ್ಮನ ನಾಣ್ಯ ಕದ್ದಿದಾರೆ."

ಅವು ನನ್ನ ಎದೆ ಜೇಬಿನಲ್ಲಿದ್ದವು. ನಿಮ್ಮ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಾಗ ಅವು ಒಂದಕ್ಕೊಂದು ತಾಗಿದವು. ನಾನು ಬಾಯಿ ಬಿಡಲಿಲ್ಲ. ಮೊದಲು ಬದುಕಲಿ, ಆಮೇಲೆ ಹೇಳೋಣ ಎಂದುಕೊಂಡೆ.

ಆಮೇಲೆ ಎಂಬುದು ದೊಡ್ಡ ಮೋಸ. ಆಸ್ಪತ್ರೆಯಲ್ಲಿ ನಾಲ್ಕು ದಿನ ನಿಮ್ಮ ಮೂತ್ರಪಿಂಡ ಏನಾಗುತ್ತದೋ ಎಂದು ಕಾದೆವು, ಆಗ ಹೇಳುವುದು ಹೇಗೆ? ಐದನೆಯ ದಿನ ನೀವು ನನ್ನ ಕೈ ಹಿಡಿದು, "ನಿಜ ಹೇಳು ಮಗಳೇ, ನಂಗೆ ಅರಳುಮರಳಾ? ಇಟ್ಟ ಜಾಗಾನೇ ಮರೆತೆನಾ?" ಎಂದು ಕೇಳಿದಿರಿ. ಆಗ ಹೇಳಬೇಕಿತ್ತು. ನಾಚೋ ಅಲ್ಲೇ ಕೂತಿದ್ದ. "ನಿಮಗ್ಯಾಕೆ ಅರಳುಮರಳು? ಆ ವ್ಯಾನಿನವರ ಹತ್ರ ನೀಲಿ ಮುಚ್ಚಳದ ನಾಲ್ಕು ಕ್ಯಾನು ಇದ್ವಂತೆ" ಎಂದ. ನಿಮ್ಮ ಮುಖದಲ್ಲಿ ಜೀವ ಬಂತು. ತಲೆ ಕೆಟ್ಟಿಲ್ಲ, ಕಳ್ಳರು ಇದ್ದಾರೆ ಎಂಬುದು ನಿಮಗೆ ಔಷಧಿಯಂತೆ ಹಿಡಿಯಿತು. ನಾನು ಆ ಔಷಧಿಯನ್ನು ಕಿತ್ತುಕೊಳ್ಳಲಿಲ್ಲ. ನಿಮ್ಮ ಮೇಲಿನ ಪ್ರೀತಿಯಿಂದ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಕೆಲಸದ ಮೇಲಿನ ಪ್ರೀತಿಯೂ ಇತ್ತು, ನಿಮ್ಮ ಕಣ್ಣಲ್ಲಿ ಸಣ್ಣವಳಾಗುವ ಭಯವೂ ಇತ್ತು.

ಆ ದಿನವೇ ನೀವು ಅಂದಿರಿ, "ನೀರು ಹೋದ್ರೆ ಹೋಗ್ಲಿ. ಆ ನಾಣ್ಯ ಯಾರ ಹತ್ರ ಸಿಗುತ್ತೋ ಅವನೇ ಕಳ್ಳ. ಅವನ ಮುಖ ನೋಡ್ಬೇಕು ನಾನು." ಊರವರೆಲ್ಲ ಈಗ ಅದನ್ನೇ ಹೇಳುತ್ತಾರೆ.

ಇದಕ್ಕಿಂತ ನಾಚಿಕೆಯದು ಇನ್ನೊಂದಿದೆ. ನಿಮ್ಮನ್ನು ಹೆಲಿಕಾಪ್ಟರ್ ಎತ್ತಿಕೊಂಡು ಹೋದ ಮೇಲೆ, ದಾರಿ ಬಿಟ್ಟು ನಡೆದದ್ದಕ್ಕೆ ಆ ಇಬ್ಬರಿಗೂ ದಂಡದ ಚೀಟಿ ಬರೆದುಕೊಡಲು ಹೇಳಿದರು. ನಾನು ಬರೆದೆ. ತಲಾ ನೂರ ಐವತ್ತು. ಮಾರಿತ್ ಚೀಟಿ ಇಸಿದುಕೊಂಡು, "ತಾತ ಉಳೀತಾರೆ ಅಲ್ವಾ?" ಎಂದು ಮಾತ್ರ ಕೇಳಿದಳು. ಆಮೇಲೆ ಎರಡು ಸಲ ಕಚೇರಿಗೆ ಫೋನು ಮಾಡಿ ನಿಮ್ಮ ಆರೋಗ್ಯ ವಿಚಾರಿಸಿದಳು. ಒಫೀಲಿಯಾಳ ಗೋಡೆಯ ಮೇಲಿನ ಫೋಟೋ ಅವಳಿಗೆ ಹೇಗೋ ತಲುಪಿದೆ. ಕಳೆದ ವಾರ ಮೂರನೆಯ ಸಲ ಫೋನು ಮಾಡಿದಾಗ ಅವಳ ದನಿ ಬೇರೆಯಾಗಿತ್ತು. "ನಾವು ಅವರಿಗೆ ನೀರು ಕೊಟ್ವಿ. ನೀವು ಅಲ್ಲಿದ್ರಿ. ನೀವಾದ್ರೂ ಹೇಳ್ಬಹುದಲ್ವಾ?" ಎಂದಳು. ಆ ಹುಡುಗ ಶಾಲೆಯ ಮೇಷ್ಟ್ರು, ಕೇಸು ಬಿದ್ದರೆ ಅವನ ಕೆಲಸ ಹೋಗುತ್ತದೆ. ನಾನು ನೋಡೋಣ ಎಂದೆ. ಫೋನು ಇಟ್ಟ ಮೇಲೆ ಕಕ್ಕಸು ತೊಳೆಯಲು ಹೋದೆ, ಬಾಗಿಲು ಹಾಕಿಕೊಂಡು ಅತ್ತೆ.

ಜನ ಹೆಚ್ಚಾದರು, ದರ ಹೆಚ್ಚಾಯಿತು, ಪಾರ್ಕು ಕೆಟ್ಟಿತು. ನೀವು ಹೇಳುವುದೆಲ್ಲ ಸರಿ. ಆದರೆ ನಿಮ್ಮ ತುಟಿಗೆ ನೀರು ಹಿಡಿದದ್ದು ಆ ಜನಜಂಗುಳಿಯಲ್ಲೇ ಒಬ್ಬಳು. ನೀರು ಚೆಲ್ಲಿದ್ದು, ಬೆಳ್ಳಿ ಹಾಕಿಟ್ಟರೆ ಕೆಡುವುದಿಲ್ಲ ಎಂದು ಏಳನೇ ವಯಸ್ಸಿಗೇ ನಿಮ್ಮಿಂದ ಕಲಿತವಳು. ಕುತ್ತಿಗೆಯಲ್ಲಿ ಬಿಲ್ಲೆ ಇದೆಯೇ ಎಂದು ನೋಡುತ್ತಾ ನೋಡುತ್ತಾ ಅದು ನೀರು ಎಂಬುದನ್ನೇ ನಾನು ಮರೆತೆ. ನಿಮಗೆ ಅರಳುಮರಳಿಲ್ಲ, ಪದ್ರೀನೋ. ಜಾಗ ಸರಿಯಾಗಿಯೇ ನೆನಪಿತ್ತು. ನೀವು ತೋಡಿದ ಮೊದಲ ಗುಂಡಿಯೇ ಸರಿಯಾದದ್ದು.

ಈ ಭಾನುವಾರ ರಜೆ ಹಾಕಿ, ಟ್ರಕ್ಕು ಹೋಗುವಷ್ಟು ದೂರ ಟ್ರಕ್ಕಿನಲ್ಲಿ, ಉಳಿದದ್ದು ನಡೆದು ಎಸ್ಪೆರಾನ್ಸಾಗೆ ಹೋಗಿ ಬಂದೆ. ಪ್ರತಿ ವರ್ಷ ಮೂರನೆಯ ಹೂಜಿಯ ಅರ್ಧ ನೀರನ್ನು ನೀವು ನಿಮ್ಮ ತಾಯಿಯ ಗೋರಿಗೆ ಹೊಯ್ಯುತ್ತೀರಲ್ಲ. ಈ ವರ್ಷ ಆಕೆಗೆ ನೀರಿಲ್ಲದಂತೆ ಮಾಡಿದವಳೂ ನಾನೇ. ನಿಮ್ಮ ಬಾವಿಯ ನೀರನ್ನೇ ಒಯ್ದಿದ್ದೆ, ಹೊಯ್ದು ಬಂದೆ. ಮಣ್ಣು ಕ್ಷಣದಲ್ಲಿ ಕುಡಿದುಬಿಟ್ಟಿತು. ಏನು ಹೇಳಬೇಕೋ ತಿಳಿಯದೆ, ನಿಮ್ಮ ಮಗ ಹುಷಾರಾಗಿದ್ದಾನೆ ಎಂದಷ್ಟೇ ಹೇಳಿದೆ.

ಈಗ ಲಕೋಟೆಯ ತಳದ ಆ ಬಟ್ಟೆಯ ಗಂಟು ಬಿಚ್ಚಿ. ಎರಡೂ ಇವೆ. ನಾಣ್ಯ ಯಾರ ಹತ್ತಿರ ಸಿಗುತ್ತದೋ ಅವರ ಮುಖ ನೋಡಬೇಕು ಅಂದಿರಲ್ಲ, ಆ ಮುಖಕ್ಕೆ ನಲವತ್ತೈದು ವರ್ಷದ ಹಿಂದೆ ನೀರು ಹಾಕುವಾಗ ಎತ್ತಿ ಹಿಡಿದಿದ್ದವರು ನೀವೇ.

ಗುರುವಾರ ನಾನು ಮೂರನೆಯ ಸಾಲಿನಲ್ಲಿ ಕೂತಿರುತ್ತೇನೆ. ನೀವು ಎದ್ದು ಏನು ಹೇಳುತ್ತೀರೋ ಅದು ನಿಮಗೆ ಬಿಟ್ಟದ್ದು. ನಾನು ಎದ್ದು ಏನು ಹೇಳುತ್ತೇನೆ ಎಂಬುದು ಈಗ ನಿಮಗೆ ಗೊತ್ತು. ಮಿಸೆಸ್ ಸ್ಟ್ರೌಟ್‌ಗೂ, ಶೆರಿಫ್ ಕಚೇರಿಗೂ ಇದೇ ವಿಷಯ ಬರೆದ ಕಾಗದ ನಾಳೆ ಹೋಗುತ್ತದೆ. ಮಾರಿತ್‌ಗೆ ಇವತ್ತೇ ಫೋನು ಮಾಡಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಮೊದಲು ತಾತನಿಗೆ ಹೇಳಿ" ಎಂದಳು.

ನಿಮ್ಮ ಮನೆಯಿಂದ ಹೊರಡುವಾಗಲೆಲ್ಲ ತಲೆ ಬಗ್ಗಿಸಿ ಆಶೀರ್ವಾದ ಕೇಳುತ್ತೇನೆ, ನೀವು ಹೆಬ್ಬೆರಳಿನಿಂದ ನನ್ನ ಹಣೆಗೆ ಶಿಲುಬೆ ಬರೆಯುತ್ತೀರಿ. ಈ ಕಾಗದದಲ್ಲಿ ಅದನ್ನು ಕೇಳುವ ಮುಖ ನನಗಿಲ್ಲ. ಗುರುವಾರ ಐದು ಗಂಟೆಗೆ ನಿಮ್ಮ ಬಾಗಿಲ ಮುಂದೆ ಬಂದು ನಿಲ್ಲುತ್ತೇನೆ, ಪಾರ್ಕಿನ ಅಂಗಿ ತೊಟ್ಟಿರುವುದಿಲ್ಲ. ಬಾಗಿಲು ತಟ್ಟುವುದಿಲ್ಲ. ಕಾಲು ಗಂಟೆ ಕಾಯುತ್ತೇನೆ. ನೀವು ತೆರೆಯದಿದ್ದರೆ ಒಬ್ಬಳೇ ನಡೆದುಕೊಂಡು ಸಭೆಗೆ ಹೋಗುತ್ತೇನೆ, ಬೇಜಾರು ಮಾಡಿಕೊಳ್ಳುವುದಿಲ್ಲ.

ನಿಮಗೆ ಇನ್ನೆಂದೂ ಬಾಯಾರದಿರಲಿ.

ನೀವು ಎತ್ತಿ ಹಿಡಿದ ಮಗಳು,
ಡೆಲ್ಫಿನಾ